ಜಪಾನಿನ ಕತ್ತಿವರಸೆ: ಸಮುರಾಯ್ ತತ್ತ್ವ ಹುಟ್ಟಿದ್ದು ರಣರಂಗದಲ್ಲೋ, ಯುದ್ಧ ನಿಂತ ಮೇಲೋ?

ತುಂಗಾತೀರ

ಸಮುರಾಯ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಮೊಬೈಲಿಗೆ ಬಂದು ಬೀಳುವ ಸುಭಾಷಿತಗಳು: ಕತ್ತಿಯೇ ವೀರನ ಆತ್ಮ, ಸಾವಿಗೆ ಅಂಜದವನೇ ಸಮುರಾಯ್, ಇತ್ಯಾದಿ. ಈ ವಿಷಯವನ್ನು ಬಹಳ ಕಾಲದಿಂದ ಓದಿಕೊಂಡು ಬಂದಿರುವ ನನಗೆ ಆ ಮಾತುಗಳಿಗಿಂತ ಅವು ಹುಟ್ಟಿದ ಕಾಲವೇ ಮುಖ್ಯ ಎನಿಸುತ್ತದೆ.

ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ತೊಕುಗಾವಾ ಮನೆತನ ಗೆದ್ದು ಜಪಾನಿನ ಅಧಿಕಾರ ಹಿಡಿಯಲು ದಾರಿಯಾದ ಸೆಕಿಗಹರಾ ಕದನ ನಡೆದದ್ದು 1600ರಲ್ಲಿ. ಒಸಾಕಾ ಕೋಟೆ ಬಿದ್ದು ತೊಕುಗಾವಾ ಮನೆತನಕ್ಕೆ ಎದುರಾಳಿಯೇ ಇಲ್ಲವಾದದ್ದು 1615ರಲ್ಲಿ. ಕತ್ತಿಗುರು ಯಗ್ಯೂ ಮುನೆನೋರಿ ತನ್ನ ಮನೆತನದ ವಿದ್ಯೆಯನ್ನು ‘ಹೇಹೋ ಕಡೆನ್‌ಶೋ’ ಗ್ರಂಥವಾಗಿ ಬರೆದದ್ದು 1632ರಲ್ಲಿ. ಹೆಸರಾಂತ ಕತ್ತಿವೀರ ಮಿಯಾಮೊತೊ ಮುಸಾಶಿ ಕುಮಾಮೊತೊ ಸಮೀಪದ ರೇಗಂದೋ ಗುಹೆಯಲ್ಲಿ ‘ಗೋರಿನ್ ನೊ ಶೋ’ ಬರೆಯತೊಡಗಿದ್ದು 1643ರಲ್ಲಿ. ಸಾವಿನ ಬಗೆಗಿನ ಮಾತುಗಳಿಗಾಗಿಯೇ ಹೆಸರಾದ ‘ಹಗಕುರೆ’ ಸಿದ್ಧವಾದದ್ದು 1716ರ ಹೊತ್ತಿಗೆ. ಅದರ ಮಾತುಗಳನ್ನು ಆಡಿದ ಯಮಾಮೊತೊ ತ್ಸುನೆತೊಮೊ ಒಂದು ಯುದ್ಧವನ್ನೂ ಕಂಡವನಲ್ಲ. 1700ರಲ್ಲಿ ಒಡೆಯ ತೀರಿಕೊಂಡಾಗ ಸಹಮರಣಕ್ಕೆ ಹೊರಟವನಿಗೆ ಅದೇ ಒಡೆಯ ಮೊದಲೇ ಹೊರಡಿಸಿದ್ದ ನಿಷೇಧ ಅಡ್ಡ ಬಂತು. ತಲೆ ಬೋಳಿಸಿಕೊಂಡು ಸನ್ಯಾಸಿಯಾದ.

ಅಂದರೆ ಕತ್ತಿಯ ತತ್ತ್ವವೆಂದು ನಾವು ಓದುವುದರಲ್ಲಿ ಬಹುಭಾಗ ಶಾಂತಿಕಾಲದ ಬರವಣಿಗೆ. ಕೊಲ್ಲುವ ಕೆಲಸವೇ ಇಲ್ಲದಾಗ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಾಕೆ ಓಡಾಡಬೇಕು ಎಂಬ ಪ್ರಶ್ನೆ ಆ ಜನರನ್ನು ಕಾಡಿತು. ಅವರು ಕಂಡುಕೊಂಡ ಉತ್ತರವೇ ಈ ತತ್ತ್ವ. ಹಾಗೆಂದು ಅದನ್ನು ಟೊಳ್ಳು ಎನ್ನಲು ನಾನು ಸಿದ್ಧನಿಲ್ಲ. ಆಯುಧವನ್ನು ಕೈಯಲ್ಲಿ ಹಿಡಿದೇ ಅದರ ಅಗತ್ಯವನ್ನು ಪ್ರಶ್ನಿಸಿದ್ದು ದೊಡ್ಡ ಕೆಲಸ ಎಂದೇ ನನ್ನ ನಂಬಿಕೆ. ಬಲ್ಲವರು ಏನು ಹೇಳುತ್ತೀರಿ?

ಹಳೆಪುಟ

ನಿಮ್ಮ ಮಾತನ್ನು ಇನ್ನಷ್ಟು ಹಿಂದಕ್ಕೆ ಒಯ್ಯಬಹುದು. ಹಳೆಯ ಕಾಲದ ಸಮುರಾಯ್ ಮುಖ್ಯವಾಗಿ ಕುದುರೆ ಏರಿದ ಬಿಲ್ಲುಗಾರ. ಅವನ ಹೆಮ್ಮೆ ಇದ್ದದ್ದು ಬಿಲ್ಲು ಮತ್ತು ಕುದುರೆಯಲ್ಲಿ. ಆಮೇಲೆ ಕಾಲಾಳುಗಳ ಕೈಗೆ ಉದ್ದನೆಯ ಈಟಿ ಬಂತು. 1543ರಲ್ಲಿ ತನೆಗಶಿಮಾ ದ್ವೀಪಕ್ಕೆ ಬಂದ ಪೋರ್ಚುಗೀಸರಿಂದ ಬಂದೂಕು ಬಂತು. 1575ರ ನಗಶಿನೋ ಕದನದ ಹೊತ್ತಿಗೆ ಅದು ಸಾವಿರಗಟ್ಟಲೆ ಸೈನಿಕರ ಕೈಯಲ್ಲಿತ್ತು. ರಣರಂಗದಲ್ಲಿ ಕತ್ತಿ ಎರಡನೆಯ ಆಯುಧ: ಈಟಿ ಮುರಿದಾಗ, ಶತ್ರು ಮೈಮೇಲೆ ಬಿದ್ದಾಗ, ಬಿದ್ದವನ ತಲೆ ತೆಗೆಯಬೇಕಾದಾಗ.

ಇದನ್ನು ಮುಸಾಶಿಯೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಕೋಟೆಯೊಳಗಿನಿಂದ ಹೋರಾಡುವಾಗ ಬಂದೂಕಿಗೆ ಸಾಟಿಯಿಲ್ಲ, ಯಾವ ಆಯುಧದ ಮೇಲೂ ವಿಶೇಷ ಮೋಹ ಬೇಡ ಎನ್ನುತ್ತಾನೆ. ಅರವತ್ತಕ್ಕೂ ಹೆಚ್ಚು ಕಾಳಗಗಳಲ್ಲಿ ಸೋತಿಲ್ಲ ಎಂದು ಹೇಳಿಕೊಂಡ ಅವನು 1638ರಲ್ಲಿ ಶಿಮಬರಾ ಬಂಡಾಯದ ಮುತ್ತಿಗೆಗೆ ಹೋದಾಗ ಗಾಯಗೊಂಡದ್ದು ಕೋಟೆಯ ಮೇಲಿನಿಂದ ಬಿದ್ದ ಕಲ್ಲಿನಿಂದ. ಆ ಬಂಡಾಯದಲ್ಲಿದ್ದವರಲ್ಲಿ ಬಹುಪಾಲು ರೈತರು.

ಕತ್ತಿಗೆ ಮೊದಲ ಸ್ಥಾನ ಸಿಕ್ಕಿದ್ದು ಅದು ಅಂತಸ್ತಿನ ಗುರುತಾದಾಗ. 1588ರಲ್ಲಿ, ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೊಶಿ ರೈತರ ಬಳಿಯಿದ್ದ ಆಯುಧಗಳನ್ನೆಲ್ಲ ಕಿತ್ತುಕೊಂಡ. ಮುಂದೆ ಒಂದು ಉದ್ದ, ಒಂದು ಗಿಡ್ಡ, ಹೀಗೆ ಜೋಡಿ ಕತ್ತಿ ಧರಿಸುವುದು ಸಮುರಾಯ್ ವರ್ಗದ ಹಕ್ಕಾಯಿತು. ಕಚೇರಿಯಲ್ಲಿ ಲೆಕ್ಕ ಬರೆಯುವ ಸಮುರಾಯಿಗೂ ತಾನು ಯೋಧ ಎಂದು ತೋರಿಸಿಕೊಳ್ಳಲು ಉಳಿದಿದ್ದ ವಸ್ತು ಅದೊಂದೇ.

ಬರಿಗಾಲು

ನಾನು ಬೆಂಗಳೂರಿನಲ್ಲಿ ಕೆಂಡೋ ಅಭ್ಯಾಸ ಮಾಡುವವನು. ಇಬ್ಬರ ಮಾತೂ ಇತಿಹಾಸವಾಗಿ ಸರಿ ಇರಬಹುದು. ಆದರೆ ತತ್ತ್ವವನ್ನು ಗ್ರಂಥಗಳಲ್ಲಿ ಮಾತ್ರ ಹುಡುಕುತ್ತಿದ್ದೀರಿ ಎಂಬುದು ನನ್ನ ಆಕ್ಷೇಪ. ಅದು ಇರುವುದು ಹೊಡೆತದಲ್ಲಿ.

ಬಿದಿರಿನ ನಾಲ್ಕು ಸೀಳುಗಳನ್ನು ಜೋಡಿಸಿ ಕಟ್ಟಿದ ‘ಶಿನಾಯ್’ ನಮ್ಮ ಕತ್ತಿ. ದೊಡ್ಡವರ ಶಿನಾಯ್ ಹೆಚ್ಚೆಂದರೆ 120 ಸೆಂಟಿಮೀಟರ್ ಉದ್ದ. ಗುರಿ ನಾಲ್ಕೇ ಜಾಗ: ತಲೆ, ಮುಂಗೈ, ಪಕ್ಕೆ, ಗಂಟಲು. ಮುಟ್ಟಿದ್ದಕ್ಕೆಲ್ಲ ಅಂಕ ಸಿಗುವುದಿಲ್ಲ. ಕೂಗು, ಶಿನಾಯಿಯ ಪೆಟ್ಟು, ಬಲಗಾಲು ನೆಲಕ್ಕೆ ಅಪ್ಪಳಿಸುವುದು, ಮೂರೂ ಒಂದೇ ಕ್ಷಣಕ್ಕೆ ಕೂಡಬೇಕು. ಶಿನಾಯಿಯ ಮೇಲ್ತುದಿಯ ನಿಗದಿತ ಭಾಗವೇ ತಾಗಬೇಕು. ಅಲಗು ಯಾವ ಕಡೆಗಿದೆ ಎಂದು ಭಾವಿಸಿಕೊಂಡಿದ್ದೇವೆಯೋ ಆ ಕಡೆಯಿಂದಲೇ ತಾಗಬೇಕು.

ಇಷ್ಟಾದ ಮೇಲೂ ಒಂದು ಬಾಕಿ ಇರುತ್ತದೆ. ಹೊಡೆದವನು ಎದುರಾಳಿಯನ್ನು ದಾಟಿ ಮುಂದೆ ಹೋಗಿ, ತಿರುಗಿ, ಮತ್ತೆ ಶಿನಾಯಿಯ ತುದಿಯನ್ನು ಅವನತ್ತ ನೇರ ಹಿಡಿದು ನಿಲ್ಲಬೇಕು. ಇದೇ ‘ಜಾನ್‌ಶಿನ್’: ಹೊಡೆತ ಮುಗಿದರೂ ಎಚ್ಚರ ಮುಗಿಯಬಾರದು. ಕೆಂಪು, ಬಿಳಿ ಧ್ವಜ ಹಿಡಿದ ಮೂವರು ತೀರ್ಪುಗಾರರಲ್ಲಿ ಇಬ್ಬರು ಧ್ವಜ ಎತ್ತಿ ಅಂಕ ಕೊಟ್ಟ ಮೇಲೂ, ಗೆದ್ದವನು ಮುಷ್ಟಿ ಬಿಗಿದು ಸಂಭ್ರಮಿಸಿದರೆ ಆ ಅಂಕವನ್ನು ರದ್ದು ಮಾಡಲು ನಿಯಮದಲ್ಲಿ ಅವಕಾಶವಿದೆ.

ಮುಖಕವಚದೊಳಗೆ ಬೆವರು ಕಣ್ಣಿಗೆ ಇಳಿಯುತ್ತಿರುವಾಗ, ಈಗಷ್ಟೇ ಒಳ್ಳೆಯ ಪೆಟ್ಟು ಬಿದ್ದಿದೆ ಎಂದು ಎದೆ ಹಿಗ್ಗುತ್ತಿರುವಾಗ, ತುಟಿ ಪಿಟಕ್ಕೆನ್ನದೆ ತಿರುಗಿ ನಿಲ್ಲುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಹತ್ತು ಗ್ರಂಥಗಳಲ್ಲಿರುವುದನ್ನು ಈ ಒಂದು ನಿಯಮ ಮೈಗೆ ಕಲಿಸುತ್ತದೆ.

ತುಂಗಾತೀರ

ಬರಿಗಾಲು ಅವರೇ, ನೀವು ಹೇಳಿದ ಎಚ್ಚರದ ಬಗ್ಗೆಯೇ ಕತ್ತಿ ಹಿಡಿಯದ ಒಬ್ಬ ಸನ್ಯಾಸಿ ಬರೆದ ಪತ್ರವಿದೆ. ಈ ಸಾಹಿತ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು.

ತಕುಆನ್ ಸೋಹೋ ಝೆನ್ ಗುರು. ಮಠಾಧಿಪತಿಗಳಿಗೆ ನೇರಳೆ ನಿಲುವಂಗಿ ನೀಡುವ ಚಕ್ರವರ್ತಿಯ ಅಧಿಕಾರದಲ್ಲಿ ಶೋಗನ್ (ಚಕ್ರವರ್ತಿಯ ಹೆಸರಿನಲ್ಲಿ ನಾಡನ್ನು ಆಳುತ್ತಿದ್ದ ಸೇನಾಧಿಪತಿ) ಸರ್ಕಾರ ಕೈಹಾಕಿದ್ದನ್ನು ಪ್ರತಿಭಟಿಸಿ 1629ರಲ್ಲಿ ಗಡೀಪಾರಾದವನು. 1632ರಲ್ಲಿ ಕ್ಷಮೆ ಸಿಕ್ಕಿತು. ಶೋಗನ್ನನಿಗೇ ಕತ್ತಿವಿದ್ಯೆ ಕಲಿಸುತ್ತಿದ್ದ ಯಗ್ಯೂ ಮುನೆನೋರಿಗೆ ಅವನು ಬರೆದ ದೀರ್ಘ ಪತ್ರವೇ ‘ಫುದೋಚಿ ಶಿನ್ಮ್ಯೋರೊಕು’.

ಪತ್ರದ ತಿರುಳು ಒಂದೇ: ಮನಸ್ಸು ನಿಂತಲ್ಲಿ ಸೋಲು. ಎದುರಾಳಿಯ ಕತ್ತಿಯ ಮೇಲೆ ಮನಸ್ಸಿಟ್ಟರೆ ಮನಸ್ಸನ್ನು ಆ ಕತ್ತಿ ಕಸಿದುಕೊಳ್ಳುತ್ತದೆ. ಹೊಡೆಯಬೇಕೆಂಬ ಎಣಿಕೆಯ ಮೇಲಿಟ್ಟರೆ ಆ ಎಣಿಕೆಯೇ ಕಸಿದುಕೊಳ್ಳುತ್ತದೆ. ಹಾಗಾದರೆ ಎಲ್ಲಿಡಬೇಕು? ಎಲ್ಲಿಯೂ ಇಡಬೇಡ, ಆಗ ಅದು ಮೈಯೆಲ್ಲ ತುಂಬಿಕೊಂಡು ಬೇಕಾದ ಕಡೆ ಒದಗುತ್ತದೆ ಎನ್ನುತ್ತಾನೆ. ಹತ್ತು ಮಂದಿ ಕತ್ತಿ ಹಿರಿದು ಬಂದರೂ ಒಂದೊಂದು ಏಟನ್ನು ತಡೆದು ಅಲ್ಲಿಯೇ ಬಿಟ್ಟುಬಿಟ್ಟರೆ ಹತ್ತು ಜನರಿಗೂ ಸಾಲುವೆ. ಒಬ್ಬನ ಬಳಿ ಮನಸ್ಸು ಉಳಿದರೆ ಎರಡನೆಯವನು ಕಡಿಯುತ್ತಾನೆ.

ಅವನು ಕೊಡುವ ಉದಾಹರಣೆ ಸಾವಿರ ಕೈಗಳ ಕನ್ನೋನ್, ನಮ್ಮ ಬೌದ್ಧ ಪರಂಪರೆಯ ಅವಲೋಕಿತೇಶ್ವರ. ಬಿಲ್ಲು ಹಿಡಿದ ಒಂದು ಕೈಯಲ್ಲಿ ಮನಸ್ಸು ನಿಂತರೆ ಉಳಿದ 999 ಕೈಗಳು ಇದ್ದೂ ಇಲ್ಲದಂತೆ. ಎಲ್ಲಿಯೂ ನಿಲ್ಲದಿರುವುದರಿಂದಲೇ ಸಾವಿರ ಕೈಗಳಿಗೂ ಕೆಲಸ.

ಪತ್ರದ ಕೊನೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅಲ್ಲಿ ತಕುಆನ್ ದೇಶದ ಅತಿದೊಡ್ಡ ಕತ್ತಿಗುರುವನ್ನು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಾನೆ: ನಿನಗೆ ನರ್ತನದ ಹುಚ್ಚು ಹೆಚ್ಚಾಗಿದೆ, ನಿನ್ನ ‘ನೋ’ ನಾಟಕಕಲೆಯ ಬಗ್ಗೆ ನಿನಗೇ ಹೆಮ್ಮೆ, ಪ್ರಭುಗಳ ಮುಂದೆ ಅದನ್ನು ಪ್ರದರ್ಶಿಸಲು ಹೋಗುತ್ತೀಯೆ, ಮಗನ ನಡತೆಯೂ ಸರಿಯಿಲ್ಲ ಎನ್ನುತ್ತಾನೆ. ಮನಸ್ಸು ಎಲ್ಲಿಯೂ ಅಂಟಬಾರದು ಎಂಬ ಬೋಧನೆ ಕತ್ತಿಯ ಅಂಗಳದಲ್ಲೇ ಉಳಿದುಬಿಡಬಾರದು ಎಂಬ ಕಾಳಜಿ ಅದು.

ಮುನೆನೋರಿಯೂ ಕೇಳುವ ಕಿವಿಯಿದ್ದವನು. ಅವನ ಗ್ರಂಥದಲ್ಲಿ ‘ರೋಗ’ಗಳ ಪಟ್ಟಿಯೊಂದು ಬರುತ್ತದೆ. ಗೆಲ್ಲಲೇಬೇಕೆಂದು ಯೋಚಿಸುವುದು ರೋಗ. ಕಲಿತ ಪಟ್ಟನ್ನು ತೋರಿಸಲೇಬೇಕೆಂಬುದು ರೋಗ. ಮುಂದೆ ನುಗ್ಗಲೇಬೇಕೆಂಬುದು, ಕಾಯುತ್ತಲೇ ಇರಬೇಕೆಂಬುದು, ಎರಡೂ ರೋಗ. ಈ ರೋಗಗಳನ್ನೆಲ್ಲ ಕಳೆದುಕೊಳ್ಳಲೇಬೇಕೆಂದು ಹಟ ಹಿಡಿಯುವುದೂ ರೋಗವೇ. ಕೊನೆಯದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತಿದ್ದೆ.

ಚಿಬಾ ಕನ್ನಡತಿ

ಕೆಲಸದ ನಿಮಿತ್ತ ಚಿಬಾ ಪ್ರಾಂತ್ಯದಲ್ಲಿ ನೆಲೆಸಿ ಇಯಾಯ್‌ದೋ, ಅಂದರೆ ಕತ್ತಿ ಹಿರಿಯುವ ವರಸೆ, ಕಲಿಯುತ್ತಿದ್ದೇನೆ. ಚರ್ಚೆ ಪೂರ್ತಿಯಾಗಿ ಝೆನ್ ಕಡೆಗೆ ವಾಲುತ್ತಿರುವುದರಿಂದ ಎರಡು ಮಾತು.

ಒಂದು, ಕತ್ತಿವಿದ್ಯೆಯ ಹಳೆಯ ಪರಂಪರೆಗಳಲ್ಲಿ ಶಿಂತೋ ಮತ್ತು ತಾಂತ್ರಿಕ ಬೌದ್ಧದ ಪಾಲು ದೊಡ್ಡದು. ಇದೇ ಪ್ರಾಂತ್ಯದ ಕತೋರಿ ದೇಗುಲದೊಂದಿಗೆ ಬೆಸೆದುಕೊಂಡಿರುವ ಕತೋರಿ ಶಿಂತೋ ರ್ಯೂ (ರ್ಯೂ ಎಂದರೆ ಶಾಖೆ) 15ನೆಯ ಶತಮಾನದ್ದು; ಈಝಾಸಾ ಇಏನಾವೊ ಸ್ಥಾಪಿಸಿದ್ದು. ಇಂದಿಗೂ ಅಲ್ಲಿ ಸೇರುವವರು ಬೆರಳಿನ ರಕ್ತದ ಗುರುತಿಟ್ಟು ಪ್ರತಿಜ್ಞೆ ಮಾಡುತ್ತಾರೆ. ವಿದ್ಯೆಯ ಗುಟ್ಟನ್ನು ಮನೆಯವರಿಗೂ ಹೇಳುವುದಿಲ್ಲ, ಬೇರೆ ಶಾಖೆಯವರೊಡನೆ ಸ್ಪರ್ಧೆಗೆ ಇಳಿಯುವುದಿಲ್ಲ ಎಂಬ ಮಾತುಗಳು ಅದರಲ್ಲಿವೆ. ಯೋಧರು ಪೂಜಿಸುತ್ತಿದ್ದ ಮರಿಶಿತೆನ್ ಎಂದರೆ ಭಾರತದಿಂದ ಹೋದ ಮರೀಚಿ ದೇವತೆ. ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ಹಗ್ಗ ಹಿಡಿದ ಫುದೋ ಮ್ಯೋಓ ನಮ್ಮ ಅಚಲನೇ. ತಕುಆನ್ ತನ್ನ ಪತ್ರದಲ್ಲಿ ಆಧಾರವಾಗಿ ತೆಗೆದುಕೊಳ್ಳುವುದು ಅವನನ್ನೇ.

ಎರಡು, ಇದು ತುಂಗಾತೀರ ಅವರ ವಾದಕ್ಕೆ ನನ್ನ ತಕರಾರು. ಇಏನಾವೊ ಶಾಂತಿಕಾಲದವನಲ್ಲ. ಶಿಂಕಗೆ ರ್ಯೂ ಸ್ಥಾಪಿಸಿದ ಕಾಮಿಇಜುಮಿ ನೊಬುತ್ಸುನಾ 16ನೆಯ ಶತಮಾನದ ಕದನಗಳ ನಡುವೆಯೇ ಬದುಕಿದವನು. ಶಿಷ್ಯರಿಗೆ ಗಾಯವಾಗದಿರಲೆಂದು ಸೀಳಿದ ಬಿದಿರಿಗೆ ಚರ್ಮದ ಚೀಲ ಹೊದಿಸಿ ಅಭ್ಯಾಸದ ಕತ್ತಿ ಮಾಡಿದ ಕೀರ್ತಿ ಅವನದು. ಅವನ ಶಿಷ್ಯ ಯಗ್ಯೂ ಸೆಕಿಶೂಸಾಯ್ 1594ರಲ್ಲಿ, ಮುಂದೆ ಶೋಗನ್ ಆದ ತೊಕುಗಾವಾ ಇಏಯಾಸುವಿನ ಎದುರು ಬರಿಗೈಯಲ್ಲಿ ನಿಂತು ಕತ್ತಿ ಹಿಡಿದವನನ್ನು ಸೋಲಿಸುವ ವಿದ್ಯೆ ತೋರಿಸಿದ. ಸೆಕಿಗಹರಾಕ್ಕೆ ಇನ್ನೂ ಆರು ವರ್ಷ ಇತ್ತು. ಬರವಣಿಗೆ ಶಾಂತಿಕಾಲದ್ದು ಎನ್ನಿ, ಒಪ್ಪುತ್ತೇನೆ. ಕೊಲ್ಲದೆ ಗೆಲ್ಲುವ ಯೋಚನೆ ಅದಕ್ಕೂ ಹಳೆಯದು.

ಇಯಾಯ್‌ದೋದಲ್ಲಿ ಎದುರಾಳಿಯೇ ಇಲ್ಲ. ಕತ್ತಿ ಹಿರಿಯುವುದು, ಕಡಿಯುವುದು, ರಕ್ತ ಕೊಡವುವುದು, ಮತ್ತೆ ಒರೆಗೆ ಸೇರಿಸುವುದು, ಇಷ್ಟೇ ವರಸೆ. ಹೊಸಬರಿಗೆ ಕೊಡುವುದು ಹರಿತವಿಲ್ಲದ ಮಿಶ್ರಲೋಹದ ಕತ್ತಿ. ನೋಡುವವರ ಕಣ್ಣು ಹಿರಿಯುವ ವೇಗದ ಮೇಲಿರುತ್ತದೆ. ನಮ್ಮ ಗುರುಗಳ ಕಣ್ಣು ಮಾತ್ರ ಕತ್ತಿ ಒರೆಗೆ ಮರಳುವ ಬಗೆಯ ಮೇಲೆ. ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಒರೆಯ ಬಾಯಿಯನ್ನು ಹಿಡಿದು, ಕತ್ತಿಯ ಬೆನ್ನನ್ನು ಆ ಬೆರಳುಗಳ ನಡುವೆ ಜಾರಿಸುತ್ತ ತುದಿಯವರೆಗೆ ಎಳೆಯಬೇಕು. ತುದಿ ಒರೆಯ ಬಾಯಿಗೆ ತಾನಾಗಿ ಬೀಳಬೇಕು. ಕೆಳಗೆ ನೋಡುವ ಹಾಗಿಲ್ಲ. ಅಲ್ಲಿ ಇಲ್ಲದ ಎದುರಾಳಿಯ ಮೇಲೆಯೇ ದೃಷ್ಟಿ ಇರಬೇಕು. ನಿಜವಾದ ಕತ್ತಿ ಹಿಡಿಯುವ ಹಂತದಲ್ಲಿ ಆತುರಪಟ್ಟವರ ಎಡಗೈಯಲ್ಲಿ ಗಾಯದ ಗೀಟು ಇದ್ದೇ ಇರುತ್ತದೆ. ಅಭ್ಯಾಸಕ್ಕೆ ಮುಂಚೆ ಹಿಡಿಯಲ್ಲಿರುವ ಬಿದಿರಿನ ಗೂಟವನ್ನು ಪ್ರತಿಯೊಬ್ಬರೂ ಮುಟ್ಟಿ ನೋಡಿಕೊಳ್ಳುತ್ತಾರೆ. ಅಲಗನ್ನು ಹಿಡಿಗೆ ಬಿಗಿದಿಟ್ಟಿರುವುದು ಆ ಪುಟ್ಟ ಗೂಟವೇ. ಅದು ಮುರಿದರೆ ಅಲಗು ಹಾರಿ ಪಕ್ಕದವರಿಗೆ ತಗಲುತ್ತದೆ.

ನೇರಮಾತು

ಎಲ್ಲರ ಬರಹವನ್ನೂ ಗೌರವದಿಂದ ಓದಿದೆ. ಆದರೆ ಈ ಚರ್ಚೆಯಲ್ಲಿ ಕತ್ತಿಗೆ ಸಿಕ್ಕಿ ಸತ್ತವರ ಸುದ್ದಿಯೇ ಇಲ್ಲ ಎಂಬುದು ನನಗೆ ನೋವು ತಂದಿದೆ.

ತೊಕುಗಾವಾ ಮನೆತನ ಆಳಿದ ಎದೋ ಕಾಲದಲ್ಲಿ ತನ್ನನ್ನು ಅವಮಾನಿಸಿದ ಕೆಳವರ್ಗದವನನ್ನು ಕಡಿಯುವ ಹಕ್ಕು ಸಮುರಾಯಿಗೆ ಇತ್ತು. ವರದಿ ಒಪ್ಪಿಸಬೇಕು, ಸಾಕ್ಷಿ ಬೇಕು ಎಂಬ ಕಟ್ಟಳೆಗಳಿದ್ದವು ನಿಜ, ಹಕ್ಕು ಹಕ್ಕೇ. ಹೊಸ ಕತ್ತಿಯ ಹರಿತವನ್ನು ಮರಣದಂಡನೆಗೆ ಗುರಿಯಾದವರ ಹೆಣಗಳ ಮೇಲೆ ಪರೀಕ್ಷಿಸುತ್ತಿದ್ದರು. ಯಮಾದಾ ಅಸಾಎಮೊನ್ ಎಂಬ ಹೆಸರನ್ನು ಹೊತ್ತ ಮನೆತನವೇ ತಲೆಮಾರುಗಳ ಕಾಲ ಆ ಕೆಲಸ ಮಾಡಿತು. ಎಷ್ಟು ದೇಹಗಳನ್ನು ಒಂದೇ ಏಟಿಗೆ ಕಡಿಯಿತು ಎಂಬುದನ್ನು ಹಿಡಿಯೊಳಗೆ ಸೇರುವ ಭಾಗದ ಮೇಲೆ ಚಿನ್ನದಲ್ಲಿ ಕೆತ್ತಿಸಿರುವ ಕತ್ತಿಗಳು ಇಂದಿಗೂ ಉಳಿದಿವೆ.

ಇನ್ನು ಬುಶಿದೋ, ಅಂದರೆ ಯೋಧರ ನೀತಿ. ಜಗತ್ತಿಗೆ ಅದನ್ನು ಪರಿಚಯಿಸಿದ ಪುಸ್ತಕವನ್ನು ನಿತೊಬೆ ಇನಾಜೋ 1900ರಲ್ಲಿ ಅಮೆರಿಕದಲ್ಲಿದ್ದುಕೊಂಡು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅವನು ಸಮುರಾಯ್ ಮನೆತನದವನೇ, ಆದರೆ ಕ್ವೇಕರ್ ಪಂಥದ ಕ್ರೈಸ್ತ. ಪಾಶ್ಚಾತ್ಯರಿಗೆ ಅರ್ಥವಾಗುವಂತೆ ಜಪಾನಿನ ನೀತಿಯನ್ನು ಹೇಳಬೇಕಿತ್ತು. ಸಮುರಾಯ್ ವರ್ಗವೇ ಇಲ್ಲವಾದ ಮೇಲೆ ಬಂದ ಆ ಚಿತ್ರಣವನ್ನು ನಾವು ಸಾವಿರ ವರ್ಷಗಳ ಶಾಸನವೆಂಬಂತೆ ಓದುತ್ತೇವೆ. 1930ರ ದಶಕದಲ್ಲಿ ‘ಹಗಕುರೆ’ಯ ಸಾವಿನ ಮಾತುಗಳನ್ನೇ ಹುಡುಗರ ಕಿವಿಗೆ ಊದಿ ಯುದ್ಧಕ್ಕೆ ಕಳಿಸಿದರು. ಕೊರಿಯಾದವರೂ ಚೀನಾದವರೂ ಈ ಕತ್ತಿಯನ್ನು ಯಾವ ಕಣ್ಣಿನಿಂದ ನೋಡುತ್ತಾರೆ ಎಂದು ಕೇಳಿಕೊಳ್ಳದೆ ತತ್ತ್ವದ ಮಾತಾಡುವುದು ನನ್ನಿಂದ ಆಗದು.

ತುಂಗಾತೀರ

ನೇರಮಾತು ಅವರೇ, ಇದು ಇಲ್ಲಿ ಬರಲೇಬೇಕಿದ್ದ ಮಾತು. ಆ ಹೆಣಗಳ ಲೆಕ್ಕ ಚಿನ್ನದಲ್ಲಿ ಕೆತ್ತಿದ್ದು, ಬದುಕಿಸುವ ಕತ್ತಿಯ ಬಗ್ಗೆ ಬರೆದದ್ದು, ಎರಡೂ ಒಂದೇ ಶತಮಾನದಲ್ಲಿ. ಮುನೆನೋರಿಯೂ ಇದನ್ನು ಅಡಗಿಸಲಿಲ್ಲ. ಆಯುಧ ಅಶುಭ ವಸ್ತು, ಅನಿವಾರ್ಯವಾದಾಗ ಮಾತ್ರ ಎತ್ತಬೇಕು ಎಂಬ ಲಾವೋತ್ಸುವಿನ ವಿಚಾರದಿಂದಲೇ ಅವನು ಶುರುಮಾಡುತ್ತಾನೆ. ಒಬ್ಬ ದುಷ್ಟನನ್ನು ಕೊಂದು ಹತ್ತು ಸಾವಿರ ಜನರನ್ನು ಬದುಕಿಸುವುದೇ ಜೀವ ನೀಡುವ ಕತ್ತಿ ಎನ್ನುತ್ತಾನೆ. ಆ ದುಷ್ಟ ಯಾರೆಂದು ತೀರ್ಮಾನಿಸುವವರು ಯಾರು? ಶೋಗನ್ನನ ಅಧಿಕಾರಿಯಾಗಿದ್ದ ಅವನಿಗೆ ಆ ಪ್ರಶ್ನೆ ಕಾಡಿದಂತೆ ಕಾಣುವುದಿಲ್ಲ. ಅಲ್ಲಿ ನನಗೂ ಅವನ ತತ್ತ್ವ ಸಾಲದು.

ನನಗೆ ಭರವಸೆ ಹುಟ್ಟಿಸುವವನು ಯಮಾಓಕಾ ತೆಸ್ಶೂ (1836–1888). 1868ರಲ್ಲಿ ಚಕ್ರವರ್ತಿಯ ಸೇನೆ ಎದೋ (ಇಂದಿನ ತೋಕ್ಯೋ) ನಗರದತ್ತ ನುಗ್ಗುತ್ತಿದ್ದಾಗ ಶೋಗನ್ನನ ಕಡೆಯಿಂದ ಶತ್ರುಸಾಲುಗಳ ನಡುವೆ ನಡೆದು ಸುನ್‌ಪುವಿಗೆ ಹೋಗಿ ಆ ಸೇನೆಯ ನಾಯಕ ಸಾಯ್ಗೋ ತಕಮೊರಿಯೊಡನೆ ಮಾತುಕತೆ ನಡೆಸಿದವನು. ಬಳಿಕ ಸಾಯ್ಗೋ ಮತ್ತು ಶೋಗನ್ನನ ಕಡೆಯ ಕತ್ಸು ಕಾಯ್ಶೂ ಕುಳಿತು ಒಪ್ಪಂದ ಮುಗಿಸಿದರು. ಎದೋ ಕೋಟೆ ಯುದ್ಧವಿಲ್ಲದೆ ಕೈಬದಲಾಯಿತು. ಕತ್ಸುವೂ ಕತ್ತಿವಿದ್ಯೆಯಲ್ಲಿ ಪಳಗಿದವನೇ, ಆದರೆ ಸುಲಭವಾಗಿ ಹಿರಿಯಲಾಗದಂತೆ ತನ್ನ ಕತ್ತಿಯನ್ನು ಒರೆಗೆ ಬಿಗಿದು ಕಟ್ಟಿಕೊಂಡಿರುತ್ತಿದ್ದೆ ಎಂದು ಮುಪ್ಪಿನಲ್ಲಿ ಹೇಳಿಕೊಂಡಿದ್ದಾನೆ.

ತೆಸ್ಶೂವಿನದು ಸೋಲಿನಿಂದ ಕಟ್ಟಿಕೊಂಡ ಬದುಕು. ಅಸಾರಿ ಎಂಬ ಇತ್ತೋ ರ್ಯೂ ಗುರುವಿನೆದುರು ಹಿಮ್ಮೆಟ್ಟಿದವನಿಗೆ ವರ್ಷಗಟ್ಟಲೆ ಕಣ್ಣುಮುಚ್ಚಿದರೂ ಅದೇ ಎದುರಾಳಿ ಕಾಣುತ್ತಿದ್ದ. ಹಗಲು ಕತ್ತಿ, ರಾತ್ರಿ ಧ್ಯಾನ. 1880ರಲ್ಲಿ ಒಂದು ಬೆಳಗ್ಗೆ ಆ ರೂಪ ಕಾಣದಾಯಿತು. ಅಸಾರಿಯನ್ನು ಕರೆಸಿ ಎದುರು ನಿಂತಾಗ ಅವನು ಹೋರಾಡದೆಯೇ ಕತ್ತಿ ಕೆಳಗಿಟ್ಟು, ನೀನು ತಲುಪಿದ್ದೀಯೆ ಎಂದು ಒಪ್ಪಿಕೊಂಡ. ತೆಸ್ಶೂ ಸ್ಥಾಪಿಸಿದ ಶಾಖೆಯ ಹೆಸರಿನಲ್ಲಿಯೇ ‘ಮುತೋ’ ಇದೆ, ಕತ್ತಿಯಿಲ್ಲದ ಸ್ಥಿತಿ. ರಾಜ್ಯವೇ ಕುಸಿಯುತ್ತಿದ್ದ ಕಾಲದಲ್ಲಿ ಬದುಕಿದ ಈ ಮನುಷ್ಯ ಯಾರನ್ನೂ ಕೊಲ್ಲಲಿಲ್ಲ ಎಂದು ಅವನ ಜೀವನಚರಿತ್ರೆಕಾರರು ಹೇಳುತ್ತಾರೆ.

ಹಳೆಪುಟ

ನಂತರದ ಕಥೆಯನ್ನೂ ಸೇರಿಸುತ್ತೇನೆ, ನೇರಮಾತು ಅವರ ಪ್ರಶ್ನೆಗೆ ಅದು ನಂಟಾಗುತ್ತದೆ. 1876ರ ಆಜ್ಞೆಯಿಂದ ಕತ್ತಿ ಧರಿಸುವ ಹಕ್ಕು ಹೋಯಿತು. ಕತ್ತಿಗುರುಗಳು ಹೊಟ್ಟೆಪಾಡಿಗಾಗಿ ಟಿಕೆಟ್ ಇಟ್ಟು ಪಂದ್ಯ ಆಡಿಸುವ ಸ್ಥಿತಿ ಅದಕ್ಕೆ ಮೊದಲೇ, 1873ರಲ್ಲಿಯೇ ಬಂದಿತ್ತು. 1877ರ ಸತ್ಸುಮಾ ಬಂಡಾಯದಲ್ಲಿ ಪೊಲೀಸರ ಕತ್ತಿಪಡೆ ಹೋರಾಡಿದ ಮೇಲೆ ಪೊಲೀಸ್ ಇಲಾಖೆ ಈ ವಿದ್ಯೆಯನ್ನು ಕೈಹಿಡಿಯಿತು. 1895ರಲ್ಲಿ ಕ್ಯೋತೋದಲ್ಲಿ ದಾಯ್ ನಿಪ್ಪೋನ್ ಬುತೊಕುಕಾಯ್ ಎಂಬ ಯುದ್ಧಕಲೆಗಳ ಸಂಸ್ಥೆ ಹುಟ್ಟಿತು. 1931ರಲ್ಲಿ ಗಂಡುಮಕ್ಕಳ ಮಾಧ್ಯಮಿಕ ಶಾಲೆಗಳಲ್ಲಿ ಯುದ್ಧಕಲೆ ಕಡ್ಡಾಯವಾಯಿತು. ಅಲ್ಲಿಂದ ಮುಂದೆ ಏನಾಯಿತೆಂದು ಅವರು ಹೇಳಿದ್ದಾರೆ.

1945ರ ಸೋಲಿನ ಬಳಿಕ ಅಮೆರಿಕದ ಆಡಳಿತ ಶಾಲೆಗಳಲ್ಲಿ ಕೆಂಡೋವನ್ನು ನಿಷೇಧಿಸಿತು. 1952ರಲ್ಲಿ ಅಖಿಲ ಜಪಾನ್ ಕೆಂಡೋ ಒಕ್ಕೂಟ ಸ್ಥಾಪನೆಯಾಗಿ ಅದು ಮರಳಿತು. 1975ರಲ್ಲಿ ಒಕ್ಕೂಟ ಕೆಂಡೋದ ಗುರಿಯನ್ನು ಬರೆದಿಟ್ಟಿತು: ಕತ್ತಿಯ ನಿಯಮಗಳನ್ನು ರೂಢಿಸಿಕೊಳ್ಳುವ ಮೂಲಕ ಮನುಷ್ಯನ ನಡತೆಯನ್ನು ತಿದ್ದುವುದು. ಇಷ್ಟು ಏಳುಬೀಳು ಕಂಡ ಮೇಲೆ ಬಂದ ವಾಕ್ಯ ಅದು. ಹೊಣೆಯರಿತು ಬರೆದದ್ದು ಎಂದೇ ನಾನು ಓದುತ್ತೇನೆ.

ಮುಂಗಾರು

ಚರ್ಚೆಯ ನಡುವೆ ಒಂದು ಸಣ್ಣ ಪ್ರಶ್ನೆ. ಒಂಬತ್ತನೆಯ ತರಗತಿಯಲ್ಲಿರುವ ಮಗಳು ಕತ್ತಿವರಸೆ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕೆಂಡೋ ಸರಿಯೋ, ಇಯಾಯ್‌ದೋ ಸರಿಯೋ? ಪೆಟ್ಟಾಗುತ್ತದೆಯೇ?

ಬರಿಗಾಲು

ಆ ವಯಸ್ಸಿಗೆ ಕೆಂಡೋ ಒಳ್ಳೆಯದು. ಜೊತೆಗಾರರಿರುತ್ತಾರೆ, ಓಡಾಟವಿರುತ್ತದೆ. ತಲೆ, ಗಂಟಲು, ಮುಂಗೈ, ಎದೆ, ಸೊಂಟಕ್ಕೆ ಕವಚವಿರುವುದರಿಂದ ದೊಡ್ಡ ಪೆಟ್ಟು ಅಪರೂಪ. ಅಂಗಾಲಿನಲ್ಲಿ ಬೊಬ್ಬೆ, ಮೊಣಕೈ ಹತ್ತಿರ ಕಂದುಗಟ್ಟುವುದು ಸಾಮಾನ್ಯ. ಮೊದಲ ಕೆಲವು ತಿಂಗಳು ಕವಚದ ಖರ್ಚೇ ಇಲ್ಲ, ಶಿನಾಯ್ ಒಂದೇ ಸಾಕು. ಕಾಲಿನ ಚಲನೆ ಮತ್ತು ಬೀಸುವುದನ್ನೇ ಕಲಿಸುತ್ತಾರೆ. ಬೇಸರವಾಗುತ್ತದೆ, ಅಲ್ಲಿ ಬಿಡಿಸಬೇಡಿ. ಶಿನಾಯಿಯ ಬಿದಿರು ಸಿಬಿರೆದ್ದಿದೆಯೇ ಎಂದು ಪ್ರತಿ ಸಲ ಬೆರಳಾಡಿಸಿ ನೋಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸಿ. ಸಿಬಿರು ಮುಖಕವಚದ ಕಂಬಿಗಳ ನಡುವೆ ನುಗ್ಗಿದರೆ ಎದುರಿನವರ ಕಣ್ಣಿಗೆ ಅಪಾಯ.

ಚಿಬಾ ಕನ್ನಡತಿ

ಮುಂಗಾರು ಅವರೇ, ಎಲ್ಲಿ ಸೇರಿಸಿದರೂ ಕಲಿಸುವವರು ಯಾರ ಬಳಿ ಕಲಿತವರು, ಅವರ ದರ್ಜೆಯನ್ನು ಯಾವ ಒಕ್ಕೂಟ ಕೊಟ್ಟಿದೆ ಎಂದು ಕೇಳಿ. ಕೇಳಿದರೆ ಒಳ್ಳೆಯ ಗುರುಗಳು ಬೇಸರಪಡುವುದಿಲ್ಲ. ಕೆಲವೇ ತಿಂಗಳಲ್ಲಿ ಹರಿತವಾದ ಕತ್ತಿ ಕೈಗೆ ಕೊಡುತ್ತೇವೆ ಎನ್ನುವವರ ಬಳಿ ಸೇರಿಸಬೇಡಿ. ದರ್ಜೆಗಳ ಆತುರವೂ ಬೇಡ. ಕೆಂಡೋದಲ್ಲಿ ಎಂಟನೆಯ ದಾನ್ ಪರೀಕ್ಷೆಗೆ ಕೂರಲು ಕನಿಷ್ಠ 46 ವರ್ಷ ಆಗಿರಬೇಕು, ಏಳನೆಯ ದಾನ್ ಸಿಕ್ಕಿ ಹತ್ತು ವರ್ಷ ಕಳೆದಿರಬೇಕು. ಅಷ್ಟಾಗಿಯೂ ತೇರ್ಗಡೆಯಾಗುವವರು ನೂರಕ್ಕೆ ಒಬ್ಬರ ಆಸುಪಾಸು. ಮೇ ತಿಂಗಳಲ್ಲಿ ಕ್ಯೋತೋದಲ್ಲಿ ನಡೆಯುವ ಆ ಪರೀಕ್ಷೆಯಲ್ಲಿ ಎಪ್ಪತ್ತು ದಾಟಿದವರೂ ಎದೆಗೆ ಸಂಖ್ಯೆಯ ಚೀಟಿ ಅಂಟಿಸಿಕೊಂಡು ಸರದಿಯಲ್ಲಿ ನಿಂತಿರುತ್ತಾರೆ. ಮಗಳಿಗೆ ಬೇಕಾದಷ್ಟು ಸಮಯವಿದೆ.